ತೀರ್ಥರೂಪರ ಫಟಫಟಿ

ನಮ್ಮ ತೀರ್ಥರೂಪರ ಮೋಟಾರುಸೈಕಲ್ಲಿಗೆ ಏಕಗೋತ್ರವಿರಲಿಲ್ಲ. ಚೌಕಟ್ಟೂ ಎಂಜಿನ್ನೂ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಎಂ-20; ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಏರಿದ ಜಾತಿ. ಮುಂಗಾಲು ಮಾತ್ರ ಲಂಡನ್ನಿನ ಮ್ಯಾಚ್‌ಲೆಸ್ಸಿನದು. ಅದರೊಳಗಿನ ಎಣ್ಣೆಯು ತಗ್ಗುದಿಣ್ಣೆಗಳ ಪೆಟ್ಟನ್ನು ನುಂಗುತ್ತಿದ್ದಿತು. ಇಂಗ್ಲಿಷ್ ಅಳತೆಯ ಪಾನಾ ಬೀದರಿನಲ್ಲಿ ಸಿಕ್ಕದಿರಲು ಭಾಲ್ಕಿಯ ಕಮ್ಮಾರನಿಂದ ಮಾಡಿಸಿಕೊಂಡಿದ್ದರು. "ಸಂಕರವೇ ಸರಿ, ಆದರೆ ಓಡುತ್ತದಲ್ಲ!" ಎನ್ನುವರು.

1975ರ ಮಳೆಗಾಲದ ಒಂದು ರಾತ್ರಿ, ಜ್ವರದಿಂದ ಬಳಲಿದ್ದ ನನ್ನನ್ನು ತಾಯಿಯವರ ಸೀರೆಯಿಂದ ಬೆನ್ನಿಗೆ ಬಿಗಿದುಕೊಂಡು ಔರಾದಿನಿಂದ ಬೀದರಿಗೆ ಹೊರಟರು. ನಡುದಾರಿಯಲ್ಲಿ ಮ್ಯಾಗ್ನೆಟೊಗೆ ನೀರು ಹೊಕ್ಕು ಎಂಜಿನ್ನು ನಿಂತಿತು. ರುಮಾಲಿನ ಒಳಮಡಿಕೆಯ ಒಣ ತುದಿಯಿಂದ ಅದನ್ನು ಒರೆಸುತ್ತ ಅವರು ಅಳುತ್ತಿದ್ದರೆಂಬುದು ಬೆನ್ನಿನ ನಡುಕದಿಂದ ನನಗೆ ತಿಳಿಯಿತು.

ಕಳೆದ ತಿಂಗಳು ಕೊಳ್ಳಬಂದವರೊಬ್ಬರು, ಭಾಗಗಳೆಲ್ಲ ಒಂದೇ ಕಂಪೆನಿಯವಲ್ಲವೆಂದು ಬೆಲೆಯನ್ನು ಅರ್ಧಕ್ಕಿಳಿಸಿದರು. ನಾನು ಗಾಡಿಯನ್ನು ಮರಳಿ ಕೊಟ್ಟಿಗೆಗೆ ತಳ್ಳಿದೆನು.