ಬಣ್ಣದ ಕೆಳಗಿನ ಕೆಲಸ

ಮೈಸೂರಿನಿಂದ ಕೃಷ್ಣರಾಜಪೇಟೆಗೆ ಹೋಗಿಬರುವುದರಲ್ಲಿ ಬರೆದು ತಿಳಿಸತಕ್ಕ ವಿಶೇಷವೇನಿದೆಯೆಂದು ವಾಚಕರು ಕೇಳಬಹುದು. ಬಸ್ಸನ್ನು ಹತ್ತಿದವರು ಬೆಳಗಿನ ತಿಂಡಿ ಅರಗುವುದರೊಳಗೆ ಆ ಊರನ್ನು ಸೇರುವರು. ನಮಗಾದರೋ ಈ ಪ್ರಯಾಣಕ್ಕೆ ಐದು ತಿಂಗಳು ಹಿಡಿಯಿತು. ಅದು ಹೇಗೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿ 1964ನೆಯ ಇಸವಿಯ ಒಂದು ಅಂಬಾಸಿಡರ್ ಕಾರುಂಟು. ಅದು ನಮ್ಮ ತೀರ್ಥರೂಪರು ಕೊಂಡದ್ದು. ಎರಡು ವರ್ಷಗಳ ತರುವಾಯ ನಮ್ಮ ತಾಯಿಯವರು ಹೊಸಹೊಳಲಿನ ತವರನ್ನು ಬಿಟ್ಟು ಮದುವಣಗಿತ್ತಿಯಾಗಿ ಬಂದದ್ದು ಅದರಲ್ಲಿಯೇ. ಈಗ ಎಂಬತ್ತನ್ನು ದಾಟಿರುವ ಅವರು ಒಂದು ದಿನ, “ಆ ಕಾರಿನಲ್ಲಿಯೇ ಒಮ್ಮೆ ಊರಿಗೆ ಕರೆದುಕೊಂಡು ಹೋಗಪ್ಪ; ಬಂದ ಬಣ್ಣದಲ್ಲಿಯೇ ಹೋಗಬೇಕು” ಎಂದರು. ಆಮೇಲೆ ಅವರು ಮತ್ತೆ ಕೇಳಲಿಲ್ಲ. ಕೇಳದೆ ಇದ್ದುದೇ ನಮ್ಮನ್ನು ಹೆಚ್ಚಾಗಿ ಬಾಧಿಸಿತು.

ಏಕೆಂದರೆ ಆ ಬಣ್ಣವನ್ನು ಅಳಿಸಿದವರು ನಾವೇ. ಕೆಲವು ವರ್ಷಗಳ ಹಿಂದೆ ಮನೆಯಲ್ಲಿ ಒಂದು ಮದುವೆ ನಡೆದಾಗ ಕಾರನ್ನು ಒಂದು ಕಾರ್ಖಾನೆಗೆ ಒಪ್ಪಿಸಿ, ಎಂಟೇ ದಿನಗಳಲ್ಲಿ ಕುಂಕುಮದಂತೆ ಕೆಂಪಗೆ ಹೊಳೆಯುವಂತೆ ಮಾಡಿಸಿದ್ದೆವು. ಬಂದವರೆಲ್ಲರೂ ಹೊಗಳಿದರು. ಮುಂದಿನ ಮಳೆಗಾಲದಲ್ಲಿ ಬಾಗಿಲುಗಳ ಕೆಳಗಡೆ ಗುಳ್ಳೆಗಳೆದ್ದವು. ಒಂದನ್ನು ಬೆರಳಿನಿಂದ ಒತ್ತಿದರೆ ಬೆರಳು ಒಳಕ್ಕೆ ಹೋಯಿತು! ತುಕ್ಕು ತಿಂದ ತಗಡಿನ ತೂತಿಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ, ಮೇಲೆ ಪುಟ್ಟಿಯನ್ನು ಮೆತ್ತಿ, ಅದರ ಮೇಲೆ ಬಣ್ಣ ಬಳಿದಿದ್ದರು. ಅವಸರಪಡಿಸಿದವರು ನಾವಾದುದರಿಂದ ತಪ್ಪಿನಲ್ಲಿ ನಮಗೂ ಪಾಲುಂಟು.

ಈ ಸಲ ಶ್ರೀರಂಗಪಟ್ಟಣದ ಹೊರಗಡೆ ಇರುವ ಒಬ್ಬ ವೃದ್ಧ ಮೇಸ್ತ್ರಿಗಳನ್ನು ಹುಡುಕಿಕೊಂಡು ಹೋದೆವು. ಅವರು ಕಾರನ್ನು ಸುತ್ತಿ, ಅಲ್ಲಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ಸದ್ದನ್ನು ಕೇಳಿ, “ಸ್ವಾಮಿ, ಬಣ್ಣದ ಕೆಲಸ ನಾಲ್ಕು ದಿನದ್ದು; ಅದರ ಕೆಳಗಿನ ಕೆಲಸ ನಾಲ್ಕು ತಿಂಗಳಿನದು. ಒಪ್ಪಿಗೆಯಾದರೆ ಬಿಟ್ಟುಹೋಗಿ” ಎಂದರು. ಮಾರ್ಗಶಿರದಲ್ಲಿ ಬಿಟ್ಟುಬಂದೆವು.

ಅಂದಿನಿಂದ ವಾರಕ್ಕೊಮ್ಮೆ ನಾವು ಅಲ್ಲಿಗೆ ಹೋಗಿ ನೋಡಿದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಮೊದಲು ಹಳೆಯ ಬಣ್ಣವನ್ನೆಲ್ಲ ತಗಡು ಕಾಣುವವರೆಗೆ ತೆಗೆದರು. ತುಕ್ಕು ಹಿಡಿದ ಭಾಗವನ್ನು ಮುಚ್ಚದೆ, ಗಟ್ಟಿ ತಗಡು ಸಿಕ್ಕುವವರೆಗೆ ಕತ್ತರಿಸಿ, ಹೊಸ ತಗಡಿನ ತುಂಡನ್ನು ಬೆಸೆದರು. ತಗ್ಗುಗಳನ್ನು ಒಳಗಡೆಯಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಎತ್ತಿದರು. ಬರಿಯ ತಗಡನ್ನು ಕೈಯಿಂದ ಮುಟ್ಟಗೊಡಲಿಲ್ಲ. ಬೆವರು, ಜಿಡ್ಡು ಇದ್ದಲ್ಲಿ ಬಣ್ಣ ಹಿಡಿಯದಂತೆ. ಒರೆಸಿ ಶುಚಿಮಾಡಿದ ದಿನವೇ ಪ್ರೈಮರನ್ನು ಹೊಡೆದರು. ಒಂದು ರಾತ್ರಿ ತಡೆದರೂ ಗಾಳಿಯ ತೇವದಿಂದ ತುಕ್ಕು ಮತ್ತೆ ಹುಟ್ಟುವುದಂತೆ.

ಪುಟ್ಟಿಯನ್ನು ದೋಸೆಯ ಹಿಟ್ಟಿನಂತೆ ಸುರಿಯದೆ, ಕಣ್ಣಿಗೆ ಕಾಡಿಗೆ ಹಚ್ಚುವಷ್ಟೇ ತೆಳ್ಳಗೆ ಎಳೆದರು. ಈಗಿನ ಪುಟ್ಟಿ ನೀರನ್ನು ಹೀರುವುದರಿಂದ ಅದನ್ನು ಒಣಗಿದ ಉಪ್ಪುಕಾಗದದಿಂದಲೇ ಉಜ್ಜಬೇಕು. ಉಪ್ಪುಕಾಗದದ ಅಂಕವು 80ರಿಂದ 180ಕ್ಕೂ 320ಕ್ಕೂ ಏರುತ್ತ ಹೋದಂತೆ ಅದರ ಮೈ ನುಣುಪಾಗುವುದು. ಮೇಲೆ ಹೊಡೆದ ಪ್ರೈಮರನ್ನು ಮಾತ್ರ ನೀರು ಬಿಟ್ಟು 600ರ ಕಾಗದದಿಂದ ಉಜ್ಜಿದರು. ಉಜ್ಜುವ ಮುನ್ನ ಮಂಜಿನಂತೆ ಕಪ್ಪು ಬಣ್ಣವನ್ನು ಸಿಂಪಡಿಸಿದುದನ್ನು ಕಂಡು ನಾವು ಬೆರಗಾದೆವು. ಉಬ್ಬಿದ ಕಡೆ ಕಪ್ಪು ಬೇಗನೆ ಅಳಿಯುವುದು, ತಗ್ಗಿನಲ್ಲಿ ಉಳಿಯುವುದು. ಕಣ್ಣು ಹಿಡಿಯಲಾರದ ದೋಷವನ್ನು ಆ ಕಪ್ಪು ತೋರಿಸಿಕೊಡುವುದು.

ಇಷ್ಟರಲ್ಲಿ ಬಣ್ಣದ ಪ್ರಶ್ನೆ ಬಂದಿತು. ತಾಯಿಯವರು “ತಿಳಿಯಾದ ಆಕಾಶದ ಬಣ್ಣ” ಎನ್ನುತ್ತಿದ್ದರು. ಆದರೆ ಸೀಟುಗಳನ್ನು ಬಿಚ್ಚಿದಾಗ, ಬಿಸಿಲು ಮುಟ್ಟದ ಒಂದು ಮೂಲೆಯಲ್ಲಿ ಸಿಕ್ಕಿದುದು ಬೂದಿ ಬೆರೆತ ಮಂಕು ನೀಲಿ. ಯಾವುದನ್ನು ನಂಬಬೇಕು?

ಆ ಸಂದೇಹವನ್ನು ಹೊತ್ತೇ ನಾವು ಅಂದು ದರಿಯಾ ದೌಲತ್ ಬಾಗಿಗೆ ಹೋದೆವು. ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಈ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿರುವುದು. 1799ರ ಮುತ್ತಿಗೆಗೆ ಮೊದಲೇ ಕೆಟ್ಟಿದ್ದ ಚಿತ್ರಗಳನ್ನು, ಅಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿ ಸರಿಪಡಿಸಿದನು. ಆಮೇಲೆ ಅವುಗಳ ಮೇಲೆ ಸುಣ್ಣ ಬಳಿದರು. 1855ರಲ್ಲಿ ಲಾರ್ಡ್ ಡಾಲ್‌ಹೌಸಿ ಬಂದಾಗ, ಮೂಲಚಿತ್ರಗಳ ನೆನಪಿದ್ದ ಒಬ್ಬ ಚಿತ್ರಗಾರನಿಂದ ಅವುಗಳನ್ನು ಮತ್ತೆ ಬರೆಯಿಸಲು ಅಪ್ಪಣೆಮಾಡಿದನು. ನಾವು ಇಂದು ನೋಡುತ್ತಿರುವ ಚಿತ್ರವು ಒಬ್ಬನ ನೆನಪಿನಿಂದಲೇ ಉಳಿದುಬಂದುದು! ಇದೇ ತಾಲ್ಲೂಕಿನಲ್ಲಿ, ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ‘ಪಯಣ’ವೆಂಬ ಸಂಗ್ರಹಾಲಯವನ್ನೂ ಆಸಕ್ತರು ನೋಡಬಹುದು.

ಮರುವಾರ ತಾಯಿಯವರನ್ನೇ ಕರೆತಂದೆವು. ಮೇಸ್ತ್ರಿಗಳು ಆ ಮೂಲೆಯ ಬಣ್ಣವನ್ನು ಬೆರಸಿ, ಒಂದು ತಗಡಿಗೆ ಹೊಡೆದು ಒಣಗಿಸಿಟ್ಟಿದ್ದರು. ಕೊಟ್ಟಿಗೆಯ ನೆರಳಿನಲ್ಲಿ ನೋಡಿ ತಾಯಿಯವರು ತಲೆಯಾಡಿಸಿಬಿಟ್ಟರು. ಮೇಸ್ತ್ರಿಗಳು ಮಾತಾಡದೆ ತಗಡನ್ನು ಅಂಗಳದ ಬಿಸಿಲಿಗೆ ಹಿಡಿದರು. ಬೂದುನೀಲಿಯು ಬೆಳಗಿತು. “ಇದೇ ನೋಡಿ! ಮದುವೆಯ ಮಾರನೆಯ ದಿನ ಬಿಸಿಲಿನಲ್ಲಿ ನಿಂತಿತ್ತಲ್ಲ” ಎಂದರು ತಾಯಿಯವರು. “ಹಾಗಾದರೆ ಇಬ್ಬರೂ ಸುಳ್ಳು ಹೇಳಲಿಲ್ಲ, ಅಮ್ಮಾವ್ರೇ” ಎಂದು ಮೇಸ್ತ್ರಿಗಳು ನಕ್ಕರು.

ಬಣ್ಣ ಹೊಡೆಯುವ ದಿನ ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ನಮ್ಮನ್ನು ಹೊರಕ್ಕೆ ಕಳುಹಿಸಿದರು. ಈಗಿನ ಬಣ್ಣಗಳ ಆವಿ ಶ್ವಾಸಕೋಶಕ್ಕೆ ಕೇಡಾದುದರಿಂದ ಕೆಲಸಗಾರರು ಮುಖವಾಡವಿಲ್ಲದೆ ಒಳಗೆ ಇರಕೂಡದು.

ಯುಗಾದಿ ಕಳೆದ ಮೇಲೆ ಹೊರಟೆವು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟದ್ದರಿಂದ ‘ಫ್ರೆಂಚ್ ರಾಕ್ಸ್’ ಎಂದು ಹೆಸರಾಗಿದ್ದ ಪಾಂಡವಪುರವನ್ನು, ಅದರಾಚೆಯ ಕುಂತಿಬೆಟ್ಟವನ್ನು, ಕಬ್ಬಿನ ಗದ್ದೆಗಳನ್ನು ನೋಡುತ್ತ ಚಿನಕುರಳಿಯ ಮಾರ್ಗವಾಗಿ ಕೃಷ್ಣರಾಜಪೇಟೆಯನ್ನು ಸೇರಿದೆವು. ಅಲ್ಲಿಗೆ ಹೊಸಹೊಳಲು ಸಮೀಪವೇ. 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದಲ್ಲಿ ಬಳಪದ ಕಲ್ಲಿನ ಕಂಬಗಳು ಚರಕಿಯಲ್ಲಿ ತಿರುವಿದಂತೆ ದುಂಡಾಗಿ, ಬಣ್ಣದ ಹಂಗಿಲ್ಲದೆ ಮಿನುಗುತ್ತಿರುವುವು. ತಾಯಿಯವರ ತವರುಮನೆ ಈಗ ಇಲ್ಲ. ಅದಿದ್ದ ಜಾಗದ ಎದುರು ಕಾರನ್ನು ನಿಲ್ಲಿಸಿ ಎಂದರು, ಇಳಿಯಲಿಲ್ಲ. ಕಿಟಕಿಯ ಗಾಜನ್ನು ಇಳಿಸಿ ಬಹಳ ಹೊತ್ತು ನೋಡಿ, “ಇನ್ನು ಹೊರಡೋಣ” ಎಂದರು.

ನಾಗಮಂಗಲದಲ್ಲಿ ಸೌಮ್ಯಕೇಶವನ ದರ್ಶನ ಮಾಡಿದೆವು. ಲೋಹದ ವಿಗ್ರಹಗಳ ಎರಕಕ್ಕೆ ಹೆಸರಾದ ಆ ಊರಿನಲ್ಲಿಯೂ ನಿಯಮ ಅದೇ: ಮೇಣದ ರೂಪದಲ್ಲಿ ಉಳಿದ ದೋಷವು ಲೋಹದಲ್ಲಿಯೂ ಮೂಡುವುದು.

ಹಿಂದಿರುಗುವಾಗ ಅಶ್ವಿನಿ ಮಳೆ ಹಿಡಿದುಕೊಂಡಿತು. ಮನೆಗೆ ಬಂದು ನೋಡಿದರೆ, ಮೇಸ್ತ್ರಿಗಳು ಮುಚ್ಚಿಹೋಗದಂತೆ ಕಾಪಾಡಿದ್ದ ಬಾಗಿಲಡಿಯ ಸಣ್ಣ ರಂಧ್ರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹಳೆಯ ಕಾರನ್ನು ಇಟ್ಟುಕೊಂಡಿರುವ ವಾಚಕರು ಆ ರಂಧ್ರಗಳನ್ನು ವರ್ಷಕ್ಕೊಮ್ಮೆ ಕಡ್ಡಿಯಿಂದ ಬಿಡಿಸಿಡಬೇಕು. ಬಾಗಿಲು ಕೊಳೆಯುವುದು ಒಳಗೆ ನಿಂತ ನೀರಿನಿಂದ. ತಾಯಿಯವರು ತಮ್ಮ ಸೆರಗಿನಿಂದ ಬಾಗಿಲಿನ ಮೇಲಿನ ಹನಿಗಳನ್ನು ಒರೆಸಿ ಒಳಗೆ ಹೋದರು.