ಕೇಡಿನ ಬೇರು ಹುಡುಕುತ್ತ ಬೆಳ್ಮಣ್ಣಿನ ದಾರಿಯಲ್ಲಿ

ಪಡುಬಿದ್ರಿಯಲ್ಲಿ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ತಿರುಗುವ ಕಾರ್ಕಳದ ಬಸ್ಸು ನಂದಿಕೂರು, ಅಡ್ವೆಗಳನ್ನು ದಾಟಿ ಬೆಳ್ಮಣ್ ಪೇಟೆಗೆ ಬಂದು ನಿಲ್ಲುತ್ತದೆ. ಹೆಚ್ಚಿನ ಪ್ರವಾಸಿಗರು ಇಲ್ಲಿ ಇಳಿಯುವುದಿಲ್ಲ. ಅವರ ಕಣ್ಣೆಲ್ಲ ಮುಂದಿನ ಕಾರ್ಕಳದ ಗೊಮ್ಮಟನ ಮೇಲೆ. ಆದರೆ ಅರ್ಧ ದಿನದ ಬಿಡುವಿದ್ದು, ಜೊತೆಯಲ್ಲಿ ಪ್ರಶ್ನೆ ಕೇಳುವ ವಯಸ್ಸಿನ ಮಕ್ಕಳಿದ್ದರೆ ಇಲ್ಲಿ ಇಳಿಯಬೇಕು. ಇಲ್ಲಿಂದ ಆ ಬೆಟ್ಟದವರೆಗಿನ ದಾರಿಯಲ್ಲಿ ಮನುಷ್ಯನ ಬಹಳ ಹಳೆಯ ಪ್ರಶ್ನೆಯೊಂದಕ್ಕೆ ಮೂರು ಕಥೆಗಳಿವೆ. ಕೇಡು ಎಲ್ಲಿಂದ ಬರುತ್ತದೆ? ಮನುಷ್ಯ ಕೆಟ್ಟದ್ದನ್ನು ಮಾಡುವುದು ದ್ವೇಷದಿಂದಲೇ?

ಊರಿನ ಹೆಸರನ್ನು ಬಿಡಿಸಿದರೆ ಬಿಳಿ ಮಣ್ಣು; ರಸ್ತೆಯ ಬದಿಯಲ್ಲಿ ಕಾಣುವುದು ಮುರಕಲ್ಲಿನ ಕೆಂಪು. ಪೇಟೆ ಚಿಕ್ಕದಾದರೂ ಚರಿತ್ರೆಯಲ್ಲಿ ಅದರ ಹೆಸರು ಚಿಕ್ಕದಲ್ಲ. 8ನೇ ಶತಮಾನದ ಆದಿಯಲ್ಲಿ ತುಳುನಾಡನ್ನು ಆಳಿದ ಆಳುಪ ದೊರೆ ಎರಡನೆಯ ಆಳುವರಸನ ತಾಮ್ರಪಟಗಳು ಈ ಊರಿನ ಹೆಸರಿನಲ್ಲೇ ಪ್ರಸಿದ್ಧ. ಪೂರ್ಣವಾಗಿ ಕನ್ನಡದಲ್ಲಿರುವ ತಾಮ್ರಶಾಸನಗಳಲ್ಲಿ ಇವು ಅತ್ಯಂತ ಹಳೆಯವೆಂದು ಪರಿಗಣಿತವಾಗಿವೆ. ಮುದ್ರೆಯಲ್ಲಿ ಆಳುಪರ ಲಾಂಛನವಾದ ಜೋಡಿ ಮೀನುಗಳಿವೆ. ಇಂದಿನ ಬೆಳ್ಮಣ್ಣಿನಲ್ಲಿ ಸಂತ ಜೋಸೆಫರ ಇಗರ್ಜಿಯೂ ಇದೆ, ಊರಿನ ಒಡತಿಯಾದ ದುರ್ಗಾಪರಮೇಶ್ವರಿಯ ದೇವಸ್ಥಾನವೂ ಇದೆ. ಮೊದಲ ಕಥೆ ಈ ದುರ್ಗೆಯದು.

ನಿದ್ದೆಯಲ್ಲಿ ಹುಟ್ಟಿದ ಅಸುರರು

ದುರ್ಗೆಯ ಕಥೆಯೆಂದರೆ ಅಸುರರ ವಧೆ ಎಂದೇ ನಾವು ತಿಳಿದಿದ್ದೇವೆ. ಮಾರ್ಕಂಡೇಯ ಪುರಾಣದೊಳಗಿನ ದೇವೀ ಮಾಹಾತ್ಮ್ಯ ಮಾತ್ರ ಅಸುರರಿಂದ ಆರಂಭವಾಗುವುದಿಲ್ಲ. ಅದು ಮನೆ ಕಳೆದುಕೊಂಡ ಇಬ್ಬರು ಮನುಷ್ಯರಿಂದ ಆರಂಭವಾಗುತ್ತದೆ. ಸುರಥನೆಂಬ ಅರಸ ರಾಜ್ಯ ಕಳೆದುಕೊಂಡು ಕಾಡಿಗೆ ಬಂದವನು. ಸಮಾಧಿಯೆಂಬ ವರ್ತಕನನ್ನು ಹಣದಾಸೆಗೆ ಹೆಂಡತಿ ಮಕ್ಕಳೇ ಹೊರಹಾಕಿದ್ದಾರೆ. ಇಬ್ಬರೂ ಮೇಧಸ ಮುನಿಯ ಮುಂದೆ ಕುಳಿತು ಕೇಳುವ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ನಮಗೆ ಕೇಡು ಮಾಡಿದವರೆಂದು ಗೊತ್ತಿದ್ದೂ ಮನಸ್ಸು ಅವರ ಸುತ್ತಲೇ ಏಕೆ ಸುತ್ತುತ್ತದೆ? ತಿಳಿದವರಿಗೂ ಈ ಮರುಳು ಏಕೆ?

ಉತ್ತರವಾಗಿ ಮುನಿ ಹೇಳುವ ಮೊದಲ ಕಥೆ ಮಧು ಕೈಟಭರದು. ಅವರು ಎಲ್ಲೋ ಹೊರಗಿನಿಂದ ಬಂದವರಲ್ಲ. ವಿಷ್ಣು ಯೋಗನಿದ್ರೆಯಲ್ಲಿದ್ದಾಗ ಅವನ ಕಿವಿಯ ಕೊಳೆಯಿಂದಲೇ ಹುಟ್ಟಿದವರು. ಜಗತ್ತನ್ನು ಕಾಯುವವನ ಎಚ್ಚರ ಮರೆಯಾದಾಗ ಅವನ ಒಳಗಿನಿಂದಲೇ ಕೇಡು ಎದ್ದು ಬಂದಿತು. ನಿದ್ದೆಯ ರೂಪದಲ್ಲಿದ್ದ ದೇವಿ ಅವನನ್ನು ಬಿಟ್ಟು ಸರಿದ ಮೇಲಷ್ಟೇ ಅವನಿಗೆ ಹೋರಾಡಲು ಸಾಧ್ಯವಾಯಿತು. ಮುಂದೆ ಐದನೆಯ ಅಧ್ಯಾಯದಲ್ಲಿ ದೇವತೆಗಳು ಅವಳನ್ನು ಎಲ್ಲ ಜೀವಿಗಳಲ್ಲಿ ಚೇತನವಾಗಿ ಇರುವವಳೆಂದು ಸ್ತುತಿಸುತ್ತಾರೆ. ಅದೇ ಸ್ತುತಿಯಲ್ಲಿ ನಿದ್ದೆ, ಹಸಿವು, ಕೊನೆಗೆ ಭ್ರಾಂತಿಯೂ ಅವಳೇ. ಎಚ್ಚರವೂ ಮರುಳೂ ಒಂದೇ ಮನೆಯಲ್ಲಿ ವಾಸ ಮಾಡುತ್ತವೆ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ.

ಈ ಸೀಮೆಯ ಮಕ್ಕಳಿಗೆ ಇದೇ ಕಥೆ ಪುಸ್ತಕಕ್ಕಿಂತ ಮೊದಲು ಯಕ್ಷಗಾನದಲ್ಲಿ ಸಿಗುತ್ತದೆ. ‘ದೇವಿ ಮಹಾತ್ಮೆ’ ಇಲ್ಲಿನ ಊರುಗಳಲ್ಲಿ ಹರಕೆಯ ಆಟ. ಹಿಂದೆ ಬೆಳಗಿನ ತನಕ ನಡೆಯುತ್ತಿದ್ದದ್ದು, ಈಚೆಗೆ ಕಾಲಮಿತಿಯಲ್ಲಿ ಮುಗಿಯುವುದೂ ಉಂಟು. ಮಹಿಷಾಸುರ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಚೆಂಡೆಯ ಅಬ್ಬರದ ನಡುವೆ, ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಭುಗಿಲೇಳುತ್ತಿರುವಾಗ ಜನರ ನಡುವಿನಿಂದಲೇ ಹಾದುಬರುತ್ತಾನೆ. ನಿದ್ದೆ ತೂಗುತ್ತಿದ್ದ ಮಕ್ಕಳು ಬೆಚ್ಚಿ ಅಮ್ಮನ ಸೆರಗು ಹಿಡಿಯುತ್ತಾರೆ. ಸ್ವಲ್ಪ ದೊಡ್ಡವರು ಕೇಳುತ್ತಾರೆ: “ಅಪ್ಪಾ, ಅವ ಹುಟ್ಟುವಾಗಲೇ ಕೆಟ್ಟವನಾ?”

ಸಂಸ್ಕೃತದ ಮೂಲ ಇದಕ್ಕೆ ಉತ್ತರ ಹೇಳುವುದಿಲ್ಲ. ಅಲ್ಲಿ ಮಹಿಷ ಯುದ್ಧದ ನಡುವೆಯೇ ಪ್ರವೇಶಿಸುತ್ತಾನೆ. ಯಕ್ಷಗಾನ ಮಾತ್ರ ಅವನಿಗೆ ಮಾಲಿನಿ ಎಂಬ ತಾಯಿಯನ್ನು ಕೊಟ್ಟಿದೆ. ತನ್ನ ಕುಲಕ್ಕೆ ದೇವತೆಗಳಿಂದಾದ ಸೋಲಿನ ನೋವು ಅವನಿಗೆ ಬಂದದ್ದು ಅವಳಿಂದ. ಅಂದರೆ ಅವನ ದ್ವೇಷ ಅವನು ಗಳಿಸಿದ್ದಲ್ಲ, ಪಿತ್ರಾರ್ಜಿತ. ಆಟದಲ್ಲಿ ಅವನು ಸೋಲಲೇಬೇಕು, ಸೋಲುತ್ತಾನೆ. ಆದರೆ ಸೋಲುವ ಮೊದಲು ಅವನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ಸೌಜನ್ಯ ಈ ಕಲೆಗಿದೆ.

ಎತ್ತಿದವನು ಇಳಿಸಿದ

ಬೆಳ್ಮಣ್ಣಿನಿಂದ ನಿಟ್ಟೆಯ ಮಾರ್ಗವಾಗಿ ಕಾರ್ಕಳ ದೂರವೇನಲ್ಲ. ಬಂಡೆಯ ಗುಡ್ಡವನ್ನೇರಿದರೆ ಎರಡನೆಯ ಕಥೆ ಸುಮಾರು 42 ಅಡಿ ಎತ್ತರದಲ್ಲಿ ನಿಂತಿದೆ. ಭೈರರಸ ವೀರಪಾಂಡ್ಯ 1432ರ ಫೆಬ್ರುವರಿ 13ರಂದು ಪ್ರತಿಷ್ಠೆ ಮಾಡಿಸಿದ ಬಾಹುಬಲಿ ಇವನು.

ಪಂಪ ಕ್ರಿ.ಶ. 941ರ ಆದಿಪುರಾಣದಲ್ಲಿ ಹೇಳಿದ ಕಥೆ ಪಠ್ಯಪುಸ್ತಕದಿಂದಲೂ ಮಕ್ಕಳಿಗೆ ಪರಿಚಿತ. ಭರತನಿಗೂ ಬಾಹುಬಲಿಗೂ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಕೊನೆಯದರಲ್ಲಿ ತಮ್ಮ ಅಣ್ಣನನ್ನು ಮೇಲಕ್ಕೆತ್ತಿದ. ನೆಲಕ್ಕೆ ಅಪ್ಪಳಿಸಿದ್ದರೆ ರಾಜ್ಯ ಅವನದೇ. ಅವನು ಅಪ್ಪಳಿಸಲಿಲ್ಲ, ಮೆಲ್ಲನೆ ಇಳಿಸಿದ. ಎತ್ತುವುದಕ್ಕೂ ಇಳಿಸುವುದಕ್ಕೂ ನಡುವಿನ ಆ ಒಂದು ಗಳಿಗೆಯಲ್ಲಿ ಏನು ನಡೆಯಿತು? ತೋಳಿನ ಬಲ ಕುಂದಲಿಲ್ಲ, ಸಿಟ್ಟೂ ಮಾಯವಾಗಿರಲಾರದು. ತಾನು ಏನು ಮಾಡಲು ಹೊರಟಿದ್ದೇನೆ ಎಂಬುದು ಅವನಿಗೆ ಕಂಡಿತು, ಅಷ್ಟೆ.

ಜೈನ ದರ್ಶನ ಜೀವದ ಲಕ್ಷಣವೇ ಚೈತನ್ಯ ಎನ್ನುತ್ತದೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು ಜೀವವನ್ನು ಕರ್ಮದಿಂದ ಬಿಗಿದು ಆ ಬೆಳಕನ್ನು ಮರೆಮಾಡುತ್ತವೆ. ಬಾಹುಬಲಿಗೂ ಒಂದೇ ಸಲಕ್ಕೆ ಬಿಡುಗಡೆಯಾಗಲಿಲ್ಲ. ಕಾಲಿಗೆ ಬಳ್ಳಿ ಹಬ್ಬುವಷ್ಟು ಕಾಲ ನಿಂತರೂ, ತಾನು ನಿಂತ ನೆಲ ಅಣ್ಣನದು ಎಂಬ ಮುಳ್ಳೊಂದು ಒಳಗೆ ಉಳಿದಿತ್ತು ಎನ್ನುತ್ತಾರೆ. ಭರತನೇ ಬಂದು ನಮಸ್ಕರಿಸಿದ ಮೇಲೆ ಅದು ಕಳಚಿತು.

ಕಡಿದ ಕೈಯ ಕಥೆ

ಇದೇ ಕಲ್ಲಿನ ಬಗ್ಗೆ ಇನ್ನೊಂದು ಕಥೆಯಿದೆ. ಅದು ಶಾಸನದಲ್ಲಿಲ್ಲ. ನಾಟಿಯ ಗದ್ದೆಗಳಲ್ಲಿ ಹೆಂಗಸರು, ದೈವದ ನೇಮಗಳಲ್ಲಿ ದೈವ ಕಟ್ಟುವವರು ಹಾಡಿಕೊಂಡು ಬಂದ ತುಳು ಪಾಡ್ದನದಲ್ಲಿದೆ. ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ. ಕೆಲಸ ಮುಗಿದ ಮೇಲೆ, ಇಂಥದ್ದು ಬೇರೆಲ್ಲೂ ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡ ಉಳಿದ ಒಂದೇ ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕಡೆದ. ಅವನನ್ನು ಹುಡುಕಿ ಬಂದ ಒಡಹುಟ್ಟಿದವಳು ಕಲ್ಲುರ್ಟಿ ಅವನ ಗತಿಯನ್ನು ಕಂಡು ಕೆರಳಿದಳು. ಇಬ್ಬರೂ ಮಾಯಕವಾಗಿ ದೈವಗಳಾದರು.

ಇತಿಹಾಸದ ಲೆಕ್ಕಕ್ಕೆ ಇದು ಕೂಡುವುದಿಲ್ಲ. ವೇಣೂರಿನ ಸುಮಾರು 35 ಅಡಿಯ ವಿಗ್ರಹ ನಿಂತದ್ದು 1604ರಲ್ಲಿ, ಕಾರ್ಕಳದ್ದಕ್ಕಿಂತ 172 ವರ್ಷ ತಡವಾಗಿ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಆದ್ದರಿಂದ ವೀರಪಾಂಡ್ಯನ ಮೇಲೆ ಈ ಪಾತಕ ಹೊರಿಸುವಂತಿಲ್ಲ. ಆದರೂ ಕಲ್ಲು ಕಡೆದವರ ಹೆಸರು ಕಲ್ಲಿನ ಮೇಲೆ ಉಳಿಯದ ನಾಡಿನಲ್ಲಿ, ಆ ಹೆಸರನ್ನು ಉಳಿಸಿದ್ದು ಈ ಹಾಡು.

ಪಾಡ್ದನದ ಅರಸನನ್ನು ಗಮನಿಸಬೇಕು. ಅವನಿಗೆ ಕಲ್ಕುಡನ ಮೇಲೆ ದ್ವೇಷವಿರಲಿಲ್ಲ. ಅವನ ಕೆಲಸವನ್ನು ಅರಸ ಮೆಚ್ಚಿದ್ದ, ಮೆಚ್ಚಿದ್ದರಿಂದಲೇ ಕಡಿಸಿದ. ಆ ಕೈಯ ಹಿಂದೆ ನೋಯುವ ಜೀವವೊಂದಿದೆ ಎಂಬುದೇ ಅವನ ಅರಿವಿಗೆ ಬರಲಿಲ್ಲ. ನಾಲ್ಕು ಕಷಾಯಗಳಲ್ಲಿ ಇಲ್ಲಿ ಕಾಣುವುದು ಕ್ರೋಧವಲ್ಲ. ಮಾನ ಮತ್ತು ಲೋಭ. ದ್ವೇಷ ಉರಿದದ್ದು ಕಲ್ಲುರ್ಟಿಯಲ್ಲಿ, ಕೇಡು ಮಾಡಿದ್ದು ಶಾಂತಚಿತ್ತದ ಅರಸ. ದ್ವೇಷ ಮತ್ತು ಕೇಡು ಎರಡೂ ಒಂದೇ ಅಲ್ಲ ಎಂಬುದನ್ನು ಓದುಬರಹ ಬಾರದ ಹಾಡುಗಾರ್ತಿಯರು ಹೀಗೆ ಬಿಡಿಸಿ ತೋರಿಸಿದ್ದಾರೆ.

ಕಳೆದ ಶತಮಾನದಲ್ಲಿ ದೊಡ್ಡ ಜಗತ್ತೂ ಇದೇ ಪ್ರಶ್ನೆಯನ್ನು ಎದುರಿಸಿತು. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ಮಾಡಿದ ಐಕ್‌ಮನ್‌ನ ವಿಚಾರಣೆ 1961ರಲ್ಲಿ ಜೆರುಸಲೇಮಿನಲ್ಲಿ ನಡೆದಾಗ, ಅಲ್ಲಿದ್ದ ಚಿಂತಕಿ ಹನ್ನಾ ಅರೆಂಟ್ ರಾಕ್ಷಸನ ಬದಲು ಒಬ್ಬ ಸಾಧಾರಣ ಅಧಿಕಾರಿಯನ್ನು ಕಂಡರು. ಬೇರೆಯವರ ಜಾಗದಲ್ಲಿ ನಿಂತು ಯೋಚಿಸಲಾರದ್ದೇ ಅವನ ದೋಷ ಎಂದು 1963ರ ಪುಸ್ತಕದಲ್ಲಿ ವಾದಿಸಿದರು. ಅವನಲ್ಲಿ ದ್ವೇಷವೂ ಆಳವಾಗಿತ್ತೆಂದು ಮುಂದಿನ ಸಂಶೋಧಕರು ತೋರಿಸಿಕೊಟ್ಟರು. ಆದರೆ ಕೇಡಿಗೆ ಕೋರೆಹಲ್ಲು ಇರಲೇಬೇಕಿಲ್ಲ ಎಂಬ ಅರೆಂಟರ ಮಾತು ಸುಳ್ಳಾಗಲಿಲ್ಲ.

ದ್ವೇಷಕ್ಕೊಂದು ಗುಡಿ

ಹಾಗಾದರೆ ಕಲ್ಲುರ್ಟಿಯ ಉರಿಯನ್ನು ಏನು ಮಾಡುವುದು? ತುಳುನಾಡು ಅದನ್ನು ಅಟ್ಟಲಿಲ್ಲ. ಗುಡಿ ಕಟ್ಟಿ, ವರ್ಷಕ್ಕೊಮ್ಮೆ ನೇಮ ಕೊಟ್ಟು, ಮಾತಾಡಲು ಬಿಟ್ಟಿತು. ಎ.ಸಿ. ಬರ್ನೆಲ್ ಸಂಗ್ರಹಿಸಿದ ಸಾಮಗ್ರಿ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದಾಗ ಅದಕ್ಕಿದ್ದ ತಲೆಬರಹ ತುಳುವರ ಪಿಶಾಚ ಪೂಜೆ ಎಂಬರ್ಥದ್ದು. ಆದರೆ ಇಲ್ಲಿಯ ಜನರಿಗೆ ಅವು ಪಿಶಾಚಗಳಲ್ಲ, ಅನ್ಯಾಯವನ್ನು ಮರೆಯದೆ ಊರನ್ನು ಕಾಯುವ ದೈವಗಳು. ಗಗ್ಗರ ಕಟ್ಟಿ, ಅಣಿ ಏರಿಸಿ ದೈವ ನುಡಿ ಕೊಡುವಾಗ ಗುತ್ತಿನ ಯಜಮಾನ ಕೈಮುಗಿದು ನಿಲ್ಲಬೇಕು. ನೋಯಿಸಿದವರ ಸಾಲಿನವರು ನೊಂದವರ ಮಾತನ್ನು ಕೇಳಲೇಬೇಕಾದ ರಾತ್ರಿ ಅದು.

ಬೆಳಗಾದ ಮೇಲಿನ ಮಾತು ಬೇರೆ. ದೈವ ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯಗಳ ಜನ ಬಣ್ಣ ತೊಳೆದ ಮೇಲೆ ತಲೆತಲಾಂತರ ಅಂಗಳದಾಚೆಯೇ ನಿಲ್ಲಬೇಕಾಗಿತ್ತು. ರಾತ್ರಿ ಕೈಮುಗಿದವರಿಗೆ ಹಗಲಲ್ಲಿ ಅದು ತಪ್ಪೆನಿಸಲಿಲ್ಲ. ಅದೂ ದ್ವೇಷವಲ್ಲ, ರೂಢಿಯ ನಿದ್ದೆ. ಕಲ್ಕುಡನ ಅರಸ ಒಬ್ಬನೇ ಅಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಸಂಜೆ ಗುಡ್ಡ ಇಳಿದು ಹಿಂತಿರುಗುವ ಬಸ್ಸು ಮತ್ತೆ ಬೆಳ್ಮಣ್ಣಿನಲ್ಲಿ ನಿಲ್ಲುತ್ತದೆ. ದುರ್ಗೆಯ ಕಥೆಯ ಆ ಇಬ್ಬರು ಕೊನೆಗೆ ಏನಾದರು ಎಂದು ಮಕ್ಕಳಿಗೆ ಹೇಳಲು ಇದು ಸರಿಯಾದ ಜಾಗ. ಇಬ್ಬರೂ ತಪಸ್ಸು ಮಾಡಿದರು, ಇಬ್ಬರಿಗೂ ದೇವಿ ಪ್ರತ್ಯಕ್ಷಳಾದಳು. ಸುರಥ ಕಳೆದುಹೋದ ರಾಜ್ಯ ಕೇಳಿದ, ಸಿಕ್ಕಿತು. ಸಮಾಧಿ, ‘ನಾನು, ನನ್ನದು’ ಎಂಬ ಅಂಟನ್ನು ಬಿಡಿಸುವ ಅರಿವನ್ನು ಕೇಳಿದ, ಅದೂ ಸಿಕ್ಕಿತು. ಹೆಂಡತಿ ಮಕ್ಕಳಿಗೆ ಶಿಕ್ಷೆಯಾಗಲಿ ಎಂದು ಅವನು ಕೇಳಲಿಲ್ಲ. ಏಕೆ ಕೇಳಲಿಲ್ಲ ಎಂದು ಮಗು ಕೇಳಿದರೆ, ಉತ್ತರಕ್ಕೆ ಅವಸರ ಬೇಡ. ಪಡುಬಿದ್ರಿಯ ತನಕ ದಾರಿಯಿದೆ.