ನೀರು ಯಾರು ಹಾಕಬೇಕು?

ಮಕ್ಕಳೇ, ಅಜ್ಜ-ಅಜ್ಜಿಯರನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಒಂದು ಲೆಕ್ಕ ಬಿಡಿಸಿ. ಇಬ್ಬರು ಹಿರಿಯರ ಕೋಣೆಯಲ್ಲಿ ಒಂದೊಂದು ಹೂಕುಂಡವಿದೆ. ಒಬ್ಬರ ಗಿಡಕ್ಕೆ ಅವರೇ ನೀರು ಹಾಕುತ್ತಾರೆ, ಇನ್ನೊಬ್ಬರ ಗಿಡಕ್ಕೆ ಬೇರೆಯವರು. ಗಿಡಗಳಂತೂ ಎರಡೂ ಚೆನ್ನಾಗಿವೆ. ಹಿರಿಯರು?

ಅಮೆರಿಕದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಒಂದು ವೃದ್ಧಾಶ್ರಮದಲ್ಲಿ ಇದನ್ನೇ ಪರೀಕ್ಷಿಸಿ, 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ ಗಿಡ ಕೊಟ್ಟು, ಅದನ್ನೂ ತಮ್ಮ ದಿನಚರಿಯನ್ನೂ ತಾವೇ ನೋಡಿಕೊಳ್ಳಲು ಹೇಳಿದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನರ್ಸುಗಳೇ ನೀರು ಹಾಕಿದರು. ಮೂರು ವಾರದಲ್ಲಿ ಮೊದಲಿನವರು ಹೆಚ್ಚು ಚುರುಕಾಗಿ, ಹೆಚ್ಚು ಸಂತೋಷವಾಗಿದ್ದರು.

ನಮ್ಮ ರಾಯಚೂರಿನಲ್ಲೂ ನಾನು ಇದನ್ನು ಕಂಡೆ. ನನ್ನ ಗೆಳೆಯರೊಬ್ಬರು ದೇವದುರ್ಗ ತಾಲ್ಲೂಕಿನಲ್ಲಿ ಹತ್ತಿ ಬೆಳೆದವರು. ಬೆಳೆಸಾಲಕ್ಕೆ ಬ್ಯಾಂಕಿಗೆ ಬರುತ್ತಿದ್ದ ಕಾಲದ ಪರಿಚಯ. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿನ ವೃದ್ಧಾಶ್ರಮ ಸೇರಿದರು. ಊಟ, ಔಷಧಿ ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. "ನೀವು ಸುಮ್ಮನ ಕೂಡ್ರಿ ತಾತ" ಎನ್ನುತ್ತಿದ್ದರು ಅಲ್ಲಿನ ಹುಡುಗಿಯರು, ಪ್ರೀತಿಯಿಂದಲೇ. ಕೂತು ಕೂತು ಅವರು ಮಾತು ಬಿಟ್ಟರು. ಊಟವನ್ನೂ ಅರ್ಧಕ್ಕೆ ಬಿಡತೊಡಗಿದರು.

ಒಮ್ಮೆ ಮಾನ್ವಿಯಿಂದ ಬಂದ ಮೊಮ್ಮಗಳು ಎರಡು ಡಬ್ಬಿ ಮಣ್ಣು, ದೊಡ್ಡಪತ್ರೆಯ ಟೊಂಗೆ, ಒಂದು ಹಿಡಿ ಮೆಂತ್ಯ ತಂದಳು. "ತಾತ, ನಂಗ ಪರೀಕ್ಷೆ ಅದಾವ. ಇವನ್ನ ನೀನೇ ನೋಡ್ಕೋಬೇಕು" ಎಂದು ಒಪ್ಪಿಸಿ ಹೋದಳು.

ನಮ್ಮೂರ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೆ ಕಿಟಕಿಯ ಗಿಡವೂ ಬಾಡುತ್ತದೆ. ಗೆಳೆಯರು ಡಬ್ಬಿಗಳನ್ನು ಬೆಳಗಿನ ಎಳೆಬಿಸಿಲಿಗೆ ಕಿಟಕಿಯಲ್ಲಿ, ಮಧ್ಯಾಹ್ನ ಮೇಜಿನ ಮೇಲೆ ಇಡತೊಡಗಿದರು. ಬೆರಳಿಂದ ಒತ್ತಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ನಾಲ್ಕನೇ ದಿನ ತಾವಾಗಿಯೇ ನನಗೆ ಫೋನ್ ಮಾಡಿದರು: "ಮೊಳಕಿ ಬಂದಾವ್ರಿ!"

ಗಿಡದಿಂದ ಅವರ ಮಂಡಿನೋವು ಹೋಗಲಿಲ್ಲ, ಹೋದ ಹೆಂಡತಿ ಬರಲಿಲ್ಲ. ಆದರೆ ಬೆಳಗ್ಗೆ ಏಳಲು ಒಂದು ಕೆಲಸ ಸಿಕ್ಕಿತು. ಪಕ್ಕದ ಕೋಣೆಯವರು ಕೆಮ್ಮು ಬಂದರೆ ದೊಡ್ಡಪತ್ರೆ ಕೇಳಿಕೊಂಡು ಬರುತ್ತಾರೆ. ಪರೀಕ್ಷೆ ಮುಗಿಸಿ ಬಂದ ಮೊಮ್ಮಗಳಿಗೆ ಅಲ್ಲಿಯ ಅಡುಗೆಮನೆಯಲ್ಲೇ ಮೆಂತ್ಯಪಲ್ಯದ ಬ್ಯಾಳಿ ಆಯಿತು. ತಾತನೂ ತಾಟು ಖಾಲಿ ಮಾಡಿದರು.

ಮಕ್ಕಳೇ, ಹಿರಿಯರನ್ನು ನೋಡಲು ಹೋಗುವಾಗ ಹಣ್ಣಿನ ಜೊತೆ ಒಂದು ಪುಟ್ಟ ಕುಂಡ ಒಯ್ಯಿರಿ. ಹಗುರವಾಗಿರಲಿ, ತಳದಲ್ಲಿ ತೂತಿರಲಿ. ಬಗ್ಗದೆ ಕೈಗೆಟುಕುವಲ್ಲಿ ಇಡಿ. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಸೊಳ್ಳೆ ಬರುತ್ತದೆ, ಚೆಲ್ಲಲು ಹೇಳಿ. ನೀರು ಮಾತ್ರ ನೀವು ಹಾಕಬೇಡಿ. ಅದು ಅವರ ಕೆಲಸ.